ಹುಲ್ಲಿನ ಬೇರು, ಬೆಟ್ಟದ ನೀರು: ರಾಕಿ ಪರ್ವತ ಮತ್ತು ಪ್ರೇರಿ ಬಯಲನ್ನು ಮಕ್ಕಳಿಗೆ ಕಲಿಸುವ ಬಗ್ಗೆ

ಅಮೆರಿಕದ ಕೊಲರಾಡೋ ರಾಜ್ಯದ ಯಾವುದಾದರೂ ಶಾಲೆಗೆ ಹೋಗಿ, ನಾಲ್ಕನೇ ತರಗತಿಯ ಮಕ್ಕಳಿಗೆ ‘ನಿಮ್ಮ ಊರಿನ ಪರಿಸರದ ಚಿತ್ರ ಬರೆಯಿರಿ’ ಅಂತ ಹೇಳಿ ನೋಡಿ. ಬಹುತೇಕ ಹಾಳೆಗಳಲ್ಲಿ ಬೆಟ್ಟ ಬರುತ್ತದೆ. ನೆತ್ತಿಯಲ್ಲಿ ಹಿಮ, ಬುಡದಲ್ಲಿ ಪೈನ್ ಮರ, ಪಕ್ಕದಲ್ಲಿ ದೊಡ್ಡ ಕೊಂಬಿನ ಎಲ್ಕ್. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಮಗು ಡೆನ್ವರಿನದಾಗಿದ್ದರೆ, ಅದು ಕೂತಿರುವ ಬೆಂಚು ಬೆಟ್ಟದ ಮೇಲಿಲ್ಲ. ಡೆನ್ವರ್ ಬೆಳೆದಿರುವುದು ಹುಲ್ಲುಗಾವಲಿನ ಮೇಲೆ. ಅಲ್ಲಿಂದ ಪೂರ್ವಕ್ಕೆ ಕಾನ್ಸಾಸ್, ನೆಬ್ರಾಸ್ಕಾ ಮುಗಿಯುವವರೆಗೂ ಒಂದು ಕಾಲಕ್ಕೆ ಹುಲ್ಲಿನದೇ ರಾಜ್ಯ. ಆ ಹುಲ್ಲನ್ನು ಯಾರೂ ಬರೆಯುವುದಿಲ್ಲ. ಬರೆದರೂ ಹಾಳೆಯ ತಳದಲ್ಲಿ ಒಂದು ಹಸಿರು ಗೆರೆ ಎಳೆದು ಸುಮ್ಮನಾಗುತ್ತಾರೆ.

ಇವತ್ತು ನಾನು ಆ ಹಸಿರು ಗೆರೆಯ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ. ಬೆಟ್ಟವನ್ನೂ ಬಿಡುವುದಿಲ್ಲ. ರಾಕಿ ಪರ್ವತ ಒಂದು ಪಾಠ, ಪ್ರೇರಿ ಎಂಬ ಈ ಹುಲ್ಲಿನ ಬಯಲು ಇನ್ನೊಂದು ಪಾಠ ಅಂತ ಕಲಿಸಿದರೆ ಎರಡೂ ಅರ್ಧಂಬರ್ಧ ಅರ್ಥವಾಗುತ್ತವೆ ಎನ್ನುವುದು ನನ್ನ ಗಟ್ಟಿ ನಂಬಿಕೆ. ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ಕೂಡ ಕೊಲರಾಡೋ, ವಯೋಮಿಂಗ್, ಮೊಂಟಾನಾ, ಯೂಟಾ, ಕಾನ್ಸಾಸ್, ನೆಬ್ರಾಸ್ಕಾ ಮತ್ತು ಎರಡು ಡಕೋಟಾಗಳನ್ನು ಸೇರಿಸಿ ‘ಮೌಂಟನ್-ಪ್ರೇರಿ’ ಎಂಬ ಒಂದೇ ವಲಯ ಮಾಡಿಕೊಂಡಿದೆ. ಆಡಳಿತದ ಅನುಕೂಲಕ್ಕೆ ಮಾಡಿದ್ದೇ ಇರಬಹುದು. ಆದರೆ ನಮ್ಮಂಥ ಮೇಷ್ಟ್ರುಗಳಿಗೆ ಆ ಜೋಡಣೆ ತುಂಬ ಉಪಯೋಗದ್ದು.

ಏಕೆ ಒಂದೇ? ಮಕ್ಕಳಿಗೆ ಇದನ್ನು ಗಾಳಿಯಿಂದ ಶುರು ಮಾಡಿ ಹೇಳಬೇಕು. ಪೆಸಿಫಿಕ್ ಕಡೆಯಿಂದ ಬರುವ ತೇವದ ಗಾಳಿ ಪರ್ವತಕ್ಕೆ ಬಡಿದು ಮೇಲೇರುತ್ತದೆ. ಏರಿದಷ್ಟೂ ತಣ್ಣಗಾಗುತ್ತದೆ, ಹೊತ್ತು ತಂದ ತೇವವನ್ನು ಮಳೆಯಾಗಿ ಹಿಮವಾಗಿ ಅಲ್ಲೇ ಸುರಿಸಿಬಿಡುತ್ತದೆ. ಆಚೆ ಕಡೆ ಇಳಿಯುವಾಗ ಅದು ಒಣಗಾಳಿ. ಇದನ್ನೇ ಮಳೆ ನೆರಳು ಎನ್ನುತ್ತಾರೆ. ಹಾಗಾಗಿ ಬೆಟ್ಟದ ಮಗ್ಗುಲಲ್ಲೇ ಇರುವ ಡೆನ್ವರಿಗೆ ವರ್ಷಕ್ಕೆ 400 ಮಿ.ಮೀ. ಮಳೆಯೂ ಬರುವುದಿಲ್ಲ. ಪೂರ್ವಕ್ಕೆ ಹೋದಂತೆ ಮೆಕ್ಸಿಕೋ ಕೊಲ್ಲಿಯ ತೇವ ಬಂದು ಸೇರುತ್ತದೆ. ಕಾನ್ಸಾಸ್‌ನ ಪೂರ್ವ ಭಾಗ ತಲುಪುವಷ್ಟರಲ್ಲಿ ಮಳೆ ಎರಡು ಪಟ್ಟಿಗೂ ಮೀರುತ್ತದೆ. ಹುಲ್ಲು ಇದಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ಪಶ್ಚಿಮದಲ್ಲಿ ಪಾದ ಮುಚ್ಚುವಷ್ಟು ಎತ್ತರದ ಬ್ಲೂ ಗ್ರಾಮಾ ಹುಲ್ಲು, ಬಫಲೋ ಹುಲ್ಲು. ನಡುವೆ ಎರಡೂ ಬೆರೆತ ಹುಲ್ಲು. ಪೂರ್ವದಲ್ಲಿ ದೊಡ್ಡವರ ತಲೆಗಿಂತ ಎತ್ತರಕ್ಕೆ ಬರುವ ಬಿಗ್ ಬ್ಲೂಸ್ಟೆಮ್. ಅಂದರೆ ಹುಲ್ಲಿನ ಎತ್ತರ ನೋಡಿಯೇ ಮಳೆಯ ಲೆಕ್ಕ ಹೇಳಬಹುದು.

ರಜೆಯಲ್ಲಿ ಕಾರಿನಲ್ಲಿ ಡೆನ್ವರಿಂದ ಕಾನ್ಸಾಸ್ ಸಿಟಿ ಕಡೆಗೆ ಹೋಗುವ ಕುಟುಂಬಗಳಿಗೆ ನಾನು ಒಂದು ಕೆಲಸ ಹೇಳುತ್ತೇನೆ. ಮಗುವಿನ ಕೈಗೆ ಒಂದು ಸ್ಕೇಲು ಕೊಡಿ. ಊಟಕ್ಕೆ, ಪೆಟ್ರೋಲಿಗೆ ನಿಲ್ಲಿಸಿದಾಗಲೆಲ್ಲ ಉತ್ತಿರದ, ಕತ್ತರಿಸಿರದ ಹುಲ್ಲು ಕಂಡರೆ ಪಕ್ಕದಲ್ಲಿ ಸ್ಕೇಲು ಹಿಡಿದು ಫೋಟೋ ತೆಗೆಯಲಿ. ಊರು ತಲುಪಿದ ಮೇಲೆ ಫೋಟೋಗಳನ್ನು ಸಾಲಾಗಿ ಜೋಡಿಸಿ. ದಾರಿಯುದ್ದಕ್ಕೂ ‘ಏನೂ ಇಲ್ಲ, ಬೋರು’ ಎಂದು ಕೂತಿರುತ್ತಿದ್ದ ಮಗು ಮಳೆ ನೆರಳಿನ ನಕ್ಷೆಯನ್ನು ತಾನೇ ಮಾಡಿರುತ್ತದೆ.

ಅದೇ ಇಳಿಗಾಳಿಯ ಇನ್ನೊಂದು ರೂಪ ಚಿನೂಕ್. ಚಳಿಗಾಲದಲ್ಲಿ ಬೆಟ್ಟದಿಂದ ರಭಸವಾಗಿ ಇಳಿಯುವ ಗಾಳಿ, ಇಳಿಯುತ್ತಾ ಒತ್ತಿಕೊಂಡು ಬೆಚ್ಚಗಾಗುತ್ತದೆ. ದಕ್ಷಿಣ ಡಕೋಟಾದ ಸ್ಪಿಯರ್‌ಫಿಶ್ ಊರಿನಲ್ಲಿ 1943ರ ಜನವರಿ 22ರ ಬೆಳಗ್ಗೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದ ಉಷ್ಣಾಂಶ ಎರಡೇ ನಿಮಿಷದಲ್ಲಿ 7 ಡಿಗ್ರಿಗೆ ಏರಿತು. ಈ ಸಂಗತಿ ಹೇಳಿದ ದಿನ ಮಕ್ಕಳು ಮನೆಗೆ ಹೋಗಿ ಥರ್ಮಾಮೀಟರ್ ಕೇಳುತ್ತಾರೆ. ಅದು ಬೇಕಾದದ್ದೇ ಅಲ್ವಾ?

ಈಗ ಹುಲ್ಲಿಗೆ ಬರೋಣ. ಪ್ರೇರಿಯನ್ನು ಕಲಿಸುವುದು ಕಷ್ಟ, ಏಕೆಂದರೆ ಅಲ್ಲಿ ಕಣ್ಣಿಗೆ ಹೊಡೆಯುವಂಥದ್ದು ಏನೂ ಇಲ್ಲ. ಬಸ್ಸಿನಿಂದ ಇಳಿದ ಮಕ್ಕಳು ಒಮ್ಮೆ ಸುತ್ತ ನೋಡಿ, ‘ಎಲ್ಲಿ ಮಿಸ್, ಎಲ್ಲಿದೆ?’ ಅಂತ ಕೇಳುತ್ತಾರೆ. ಆಗ ಭಾಷಣ ಶುರು ಮಾಡಬೇಡಿ. ನಾನು ಹೂಲಾ ಹೂಪ್ ಒಯ್ಯುತ್ತೇನೆ. ಆ ಪ್ಲಾಸ್ಟಿಕ್ ಬಳೆಯನ್ನು ಇಬ್ಬಿಬ್ಬರಿಗೆ ಒಂದರಂತೆ ಕೊಟ್ಟು, ಎಲ್ಲಾದರೂ ಎಸೆದು ಅದು ಬಿದ್ದಲ್ಲಿ ಕೂರಲು ಹೇಳುತ್ತೇನೆ. ನಿಂತು ನೋಡಬಾರದು, ಮೊಣಕಾಲೂರಿ ಕೂರಬೇಕು. ಬಳೆಯ ಒಳಗೆ ಇರುವುದಷ್ಟೇ ನಿಮ್ಮ ಲೋಕ. ಹೆಸರು ಗೊತ್ತಿರಬೇಕಿಲ್ಲ. ಬೇರೆ ಬೇರೆ ಥರದ ಎಲೆ ಎಷ್ಟಿವೆ, ಎಣಿಸಿ.

ಮೊದಲು ‘ಹುಲ್ಲು, ಒಂದೇ ಥರ’ ಎನ್ನುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಬೆರಳುಗಳು ಓಡಾಡಲು ಶುರುವಾಗುತ್ತವೆ. ಒಂದು ಎಲೆಯ ಅಂಚು ಗರಗಸದ ಹಾಗೆ ತರಚುತ್ತದೆ. ಇನ್ನೊಂದರ ಕಾಂಡ ದುಂಡಗಿಲ್ಲ, ಚಪ್ಪಟೆ. ಬ್ಲೂ ಗ್ರಾಮಾದ ತೆನೆ ಕಾಂಡದ ತುದಿಯಲ್ಲಿ ಒಂದೇ ಪಕ್ಕಕ್ಕೆ ಬಾಗಿ ನಿಂತಿರುತ್ತದೆ. ಒಣಗಿದಾಗ ಅದರ ಕೆಳಗಡೆ ಬಾಚಣಿಗೆ ಹಲ್ಲಿನಂತೆ ಸಣ್ಣ ಸಣ್ಣ ಕುಚ್ಚು. ಇದು ಕೊಲರಾಡೋದ ರಾಜ್ಯ ಹುಲ್ಲು ಅಂತ ಆಮೇಲೆ ಹೇಳಿದರೆ ಸಾಕು. ಹುಲ್ಲಿನ ನಡುವೆ ಎಲ್ಲಿಂದಲೋ ಮುಳ್ಳಿನ ಪಾಪಾಸುಕಳ್ಳಿ, ಒಂದು ಮಿಡತೆ, ಒಣಗಿದ ಯಾವುದೋ ಪ್ರಾಣಿಯ ಹಿಕ್ಕೆ. ಆ ಹಿಕ್ಕೆಯ ಬಗ್ಗೆ ಹೆಚ್ಚು ಚರ್ಚೆಯಾಗುತ್ತದೆ. ಆಗಲಿ ಬಿಡಿ. ಯಾರದು, ಏನು ತಿಂದಿತ್ತು, ಯಾವಾಗ ಬಂದಿತ್ತು ಎಂಬ ಪ್ರಶ್ನೆಗಳಿಗಿಂತ ಒಳ್ಳೆಯ ವಿಜ್ಞಾನ ಪಾಠ ಇನ್ನಾವುದಿದೆ?

ಇಷ್ಟಾದರೂ ನೆಲದ ಮೇಲಿನದ್ದಷ್ಟೇ ಆಯಿತು. ಪ್ರೇರಿಯ ಹೆಚ್ಚಿನ ಭಾಗ ಇರುವುದು ನೆಲದೊಳಗೆ. ಬಿಗ್ ಬ್ಲೂಸ್ಟೆಮ್ ಹುಲ್ಲಿನ ಬೇರು 2ರಿಂದ 3 ಮೀಟರ್ ಆಳಕ್ಕೆ ಹೋಗುತ್ತದೆ. ಕೆಲವು ಹೂಗಿಡಗಳ ಬೇರು ಅದನ್ನೂ ಮೀರುತ್ತದೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಜಾನ್ ವೀವರ್ ಎಂಬ ಸಸ್ಯವಿಜ್ಞಾನಿ ಕಳೆದ ಶತಮಾನದ ಮೊದಲರ್ಧದಲ್ಲಿ ಆಳದ ಕಂದಕ ತೋಡಿ, ಒಳಗೆ ಇಳಿದು, ಮಣ್ಣು ಕೆದಕಿ ಬೇರುಗಳನ್ನು ಬಿಡಿಸಿ, ಇದ್ದದ್ದು ಇದ್ದ ಹಾಗೆ ಚಿತ್ರ ಬರೆದರು. ತರಗತಿಯಲ್ಲಿ ಇದನ್ನು ತೋರಿಸಲು ಸುಲಭದ ದಾರಿ ಇದೆ. ಶಾಲೆಯ ಮೆಟ್ಟಿಲ ಪಕ್ಕ, ಮೇಲಿನ ಮಹಡಿಯ ಕಟಕಟೆಯಿಂದ ಒಂದು ಹಗ್ಗ ಇಳಿಬಿಡಿ. 3 ಮೀಟರ್ ಹಗ್ಗ ಇದು ಪ್ರೇರಿ ಹುಲ್ಲಿನ ಬೇರು ಎನ್ನಿ. ಪಕ್ಕದಲ್ಲಿ ಒಂದು ಗೇಣಿನ ದಾರ ಕಟ್ಟಿ, ಇದು ನಮ್ಮ ಮನೆ ಮುಂದಿನ ಲಾನಿನ ಬೇರು ಎನ್ನಿ. ಮಳೆ ಬರದ ವರ್ಷ ಯಾವುದು ಬದುಕುತ್ತದೆ ಎಂದು ಬೇರೆ ಕೇಳಬೇಕಾಗಿಯೇ ಇಲ್ಲ.

ಬೇರು ಕಂಡ ಮಗುವಿಗೆ 1930ರ ದಶಕದ ಧೂಳಿನ ಕಥೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ನೆಲೆಸಿ ಉಳುವವರಿಗೆ ಸರ್ಕಾರಿ ನೆಲ ಕೊಡುವ 1862ರ ಹೋಮ್‌ಸ್ಟೆಡ್ ಕಾಯಿದೆಯ ನಂತರ ಸಾವಿರಾರು ಬಡ ಕುಟುಂಬಗಳು ಬಯಲಿಗೆ ಬಂದು ನೆಲೆಸಿದವು. ಮೊದಲ ಮಹಾಯುದ್ಧದ ಹೊತ್ತಿಗೆ ಗೋಧಿಗೆ ಒಳ್ಳೆಯ ಬೆಲೆ, ಟ್ರ್ಯಾಕ್ಟರ್ ಬೇರೆ ಬಂದಿತ್ತು. ಮಳೆ ಕಡಿಮೆ ಇರುವ ಪಶ್ಚಿಮದ ನೆಲವನ್ನೂ ಉತ್ತರು. ಬೇರಿನ ಹೊದಿಕೆ ಹೋಯಿತು. ಆಮೇಲೆ ಬರ ಬಂತು, ಗಾಳಿ ಬೀಸಿತು. ಹಿಡಿದಿಡುವ ಬೇರಿಲ್ಲದ ಮಣ್ಣು ಎದ್ದು ಹೋಯಿತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ಧೂಳಿನ ಗೋಡೆ ಹಗಲನ್ನೇ ಕತ್ತಲು ಮಾಡಿತು. ಅಲ್ಲಿನ ಜನ ಇವತ್ತಿಗೂ ಅದನ್ನು ಕರಾಳ ಭಾನುವಾರ ಎನ್ನುತ್ತಾರೆ. ಅದೇ ತಿಂಗಳ 27ಕ್ಕೆ ಮಣ್ಣು ಸಂರಕ್ಷಣಾ ಕಾಯಿದೆ ಬಂತು. ಮಣ್ಣಿನ ಪರವಾಗಿ ವರ್ಷಗಟ್ಟಲೆ ವಾದ ಮಾಡುತ್ತಿದ್ದ ಹ್ಯೂ ಬೆನೆಟ್ ಅದರ ಕೆಲಸದ ಹೊಣೆ ಹೊತ್ತರು. ಈ ಕಥೆ ಹೇಳುವಾಗ ಉತ್ತವರನ್ನು ಖಳನಾಯಕರನ್ನಾಗಿ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅವರು ಹೊಟ್ಟೆಪಾಡಿಗೆ ಉತ್ತರು. ಉಳಬೇಕು ಎಂದು ಸರ್ಕಾರ, ಮಾರುಕಟ್ಟೆ ಎರಡೂ ಹುರಿದುಂಬಿಸಿದ್ದವು. ಅವರ ಮರಿಮಕ್ಕಳು ನಿಮ್ಮ ತರಗತಿಯಲ್ಲೇ ಕೂತಿರಬಹುದು.

ಎತ್ತರದ ಹುಲ್ಲಿನ ಪ್ರೇರಿಯಲ್ಲಿ ಇಂದು ಉಳಿದಿರುವುದು ಶೇಕಡ 4ಕ್ಕಿಂತ ಕಡಿಮೆ. ಉಳಿದದ್ದರಲ್ಲಿ ದೊಡ್ಡ ತುಂಡು ಕಾನ್ಸಾಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿದೆ. ಅದೇಕೆ ಉಳಿಯಿತು? ಅಲ್ಲಿ ಸುಣ್ಣಕಲ್ಲು, ಚಕಮಕಿ ಕಲ್ಲು ನೆಲಕ್ಕೆ ಹತ್ತಿರವೇ ಇವೆ. ನೇಗಿಲು ಇಳಿಯಲಿಲ್ಲ. ಹಾಗಾಗಿ ಅದು ದನ ಮೇಯಿಸುವ ಜಾಗವಾಗಿಯೇ ಉಳಿಯಿತು. ಯಾರೂ ಬೇಕೆಂದು ಉಳಿಸಿದ್ದಲ್ಲ, ಕಲ್ಲು ಉಳಿಸಿದ್ದು. ಮಕ್ಕಳಿಗೆ ಈ ಉತ್ತರ ತುಂಬ ಇಷ್ಟವಾಗುತ್ತದೆ.

ಅಲ್ಲೇ ಮ್ಯಾನ್‌ಹ್ಯಾಟನ್ ಊರಿನ ಹತ್ತಿರ ಕೊಂಜಾ ಪ್ರೇರಿ ಸಂಶೋಧನಾ ಕೇಂದ್ರವಿದೆ. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ ನಡೆಸುವ ಜಾಗ. ಶಾಲಾ ಮಕ್ಕಳಿಗೂ ಅಲ್ಲಿ ಕಾರ್ಯಕ್ರಮಗಳಿವೆ. ಬಯಲನ್ನು ಭಾಗ ಮಾಡಿ, ಕೆಲವಕ್ಕೆ ಪ್ರತಿ ವರ್ಷ, ಕೆಲವಕ್ಕೆ ನಾಲ್ಕು ವರ್ಷಕ್ಕೊಮ್ಮೆ, ಕೆಲವಕ್ಕೆ 20 ವರ್ಷಕ್ಕೊಮ್ಮೆ ಬೆಂಕಿ ಕೊಡುತ್ತಾರೆ. ಬೆಂಕಿ ಕಾಣದ ಭಾಗದಲ್ಲಿ ಪೊದೆ, ಸೀಡರ್ ಮರ ಎದ್ದು ಹುಲ್ಲನ್ನು ನುಂಗುತ್ತವೆ. ಎರಡು ಭಾಗಗಳ ಗಡಿಯಲ್ಲಿ ಮಗುವನ್ನು ನಿಲ್ಲಿಸಿದರೆ ಎಡಕ್ಕೆ ಹುಲ್ಲು, ಬಲಕ್ಕೆ ಪೊದೆ. ಬೆಂಕಿ ಅಂದರೆ ನಾಶ ಎಂದು ಕಲಿತಿದ್ದ ಮಗು ಗೊಂದಲಕ್ಕೆ ಬೀಳುತ್ತದೆ. ತಕ್ಷಣ ಬಿಡಿಸಿ ಹೇಳಬೇಡಿ. ಬೇರು ನೆಲದೊಳಗಿದೆ ಎಂಬುದು ಅದಕ್ಕೆ ಗೊತ್ತಿದೆ. ಉತ್ತರ ತಾನಾಗಿ ಹೊಳೆಯಲಿ.

ಬೆಟ್ಟದ ಕಷ್ಟ ತಿರುಗುಮುರುಗು. ಅಲ್ಲಿ ನೋಟವೇ ಜಾಸ್ತಿ. ಬಸ್ಸಿನಿಂದ ಇಳಿದ ಕೂಡಲೇ ‘ವಾವ್’ ಎನ್ನುತ್ತಾರೆ, ಫೋಟೋ ತೆಗೆಯುತ್ತಾರೆ, ಮುಗಿಯಿತು. ಆ ‘ವಾವ್’ನಿಂದ ಮಕ್ಕಳನ್ನು ಕೆಳಗೆ ಇಳಿಸಬೇಕು. ಮೊದಲು ಒಂದು ಪಾಂಡೆರೋಸಾ ಪೈನ್ ಮರ ಹುಡುಕಿ. ಬಿಸಿಲಿಗೆ ಬೆಚ್ಚಗಾದ ಹಳೆಯ ಮರದ ಕಿತ್ತಳೆ ಬಣ್ಣದ ತೊಗಟೆಯ ಬಿರುಕಿಗೆ ಮೂಗು ತಾಗಿಸಿ ಉಸಿರು ಎಳೆದುಕೊಳ್ಳಲು ಹೇಳಿ. ವೆನಿಲಾ ವಾಸನೆ ಬರುತ್ತದೆ. ಕೆಲವರಿಗೆ ಬೆಣ್ಣೆ ಹಾಕಿದ ಮಿಠಾಯಿಯ ವಾಸನೆ. ಇದರ ಬಗ್ಗೆ ಜಗಳವೇ ಆಗುತ್ತದೆ. ಮರವನ್ನು ಅಪ್ಪಿಕೊಂಡು ಮೂಗು ಒತ್ತಿದ ಮಗುವಿಗೆ ದಪ್ಪ ತೊಗಟೆ ನೆಲದ ಬೆಂಕಿಯಿಂದ ಮರವನ್ನು ಕಾಪಾಡುತ್ತದೆ ಎಂದು ಆಮೇಲೆ ಹೇಳಿದರೆ, ಆ ದಪ್ಪ ಅದಕ್ಕೆ ಈಗಾಗಲೇ ಗೊತ್ತಿರುತ್ತದೆ.

ಮೇಲೇರುತ್ತಾ ಹೋದರೆ ಪ್ರತಿ ಸಾವಿರ ಮೀಟರಿಗೆ ಸರಾಸರಿ 6 ಡಿಗ್ರಿಗಿಂತ ಜಾಸ್ತಿ ತಣ್ಣಗಾಗುತ್ತದೆ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಟ್ರೇಲ್ ರಿಡ್ಜ್ ರಸ್ತೆ 3,713 ಮೀಟರ್ ಎತ್ತರದವರೆಗೆ ಹೋಗುತ್ತದೆ. ಸುಮಾರು 3,400 ಮೀಟರ್ ದಾಟುತ್ತಿದ್ದಂತೆ ಮರಗಳು ಗಿಡ್ಡವಾಗಿ, ಗಾಳಿಗೆ ಒಂದೇ ಕಡೆ ತಿರುಚಿಕೊಂಡು, ಕೊನೆಗೆ ಇಲ್ಲವಾಗುತ್ತವೆ. ಅಲ್ಲಿಂದ ಮೇಲೆ ಹಾಸುಗಲ್ಲು, ನೆಲಕ್ಕೆ ಒತ್ತಿಕೊಂಡ ಮೆತ್ತೆ ಗಿಡಗಳು. ಅಂಗೈ ಅಗಲದ ಒಂದು ಮೆತ್ತೆ ಗಿಡ ಬೆಳೆಯಲು ದಶಕಗಳೇ ಬೇಕು. ಅದಕ್ಕೇ ಅಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡಬೇಕು. ಮಕ್ಕಳು ಈ ನಿಯಮವನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ, ದೊಡ್ಡವರಿಗೂ ಪಾಲಿಸಲು ಹೇಳುತ್ತಾರೆ.

ಆ ಕಲ್ಲುರಾಶಿಯಲ್ಲಿ ಪೈಕಾ ಇದೆ. ಮೊಲದ ಬಳಗದ ಪ್ರಾಣಿ, ಆದರೆ ಒಂದು ಹಿಡಿಯಷ್ಟೇ. ಕಿವಿ ದುಂಡಗೆ, ಬಾಲ ಕಾಣುವುದೇ ಇಲ್ಲ. ಕಾಣುವ ಮೊದಲು ಅದರ ‘ಈಂಕ್’ ಎಂಬ ಕೂಗು ಕೇಳುತ್ತದೆ. ಅದು ಚಳಿಗಾಲದಲ್ಲಿ ನಿದ್ದೆ ಹೋಗುವುದಿಲ್ಲ. ಹಿಮದ ಕೆಳಗೆ ಎಚ್ಚರವಾಗಿಯೇ ಇದ್ದು, ಬೇಸಿಗೆಯಲ್ಲಿ ಕೂಡಿಟ್ಟ ಹುಲ್ಲು ತಿನ್ನುತ್ತದೆ. ಬಾಯಿ ತುಂಬ ಹೂವು, ಎಲೆ ಅಡ್ಡಡ್ಡ ಕಚ್ಚಿಕೊಂಡು ಓಡಿ ಬಂದು ಬಂಡೆಯಡಿ ಬಣವೆ ಒಟ್ಟುತ್ತದೆ. ಅದರ ಜಾಣತನ ನೋಡಿ. ಆಲ್ಪೈನ್ ಏವನ್ಸ್ ಎಂಬ ಹಳದಿ ಹೂವಿನ ಗಿಡದಲ್ಲಿ ಕಹಿ ವಿಷದಂಥ ರಾಸಾಯನಿಕಗಳಿವೆ. ಪೈಕಾ ಅದನ್ನು ಆಗಲೇ ತಿನ್ನುವುದಿಲ್ಲ, ಬಣವೆಗೆ ಸೇರಿಸುತ್ತದೆ. ಆ ರಾಸಾಯನಿಕ ಬಣವೆ ಕೊಳೆಯದಂತೆ ಕಾಯುತ್ತದೆ. ತಿಂಗಳುಗಳು ಕಳೆದು ಕಹಿ ಇಳಿದ ಮೇಲೆ ಪೈಕಾ ಅದನ್ನೂ ತಿನ್ನುತ್ತದೆ. ಅಡುಗೆಮನೆಯ ಉಪ್ಪಿನಕಾಯಿ ಭರಣಿಯ ಕೆಲಸವೇ ಇದು.

ಚಳಿಗೆ ಹೀಗೆ ತಯಾರಾದ ಪ್ರಾಣಿಗೆ ಬಿಸಿಯೇ ಶತ್ರು. ತಂಪಾದ ಬಂಡೆಯ ಸಂದಿಗೆ ಹೋಗಲಾಗದೆ 25-26 ಡಿಗ್ರಿ ಬಿಸಿಯಲ್ಲಿ ಕೆಲವು ಗಂಟೆ ಸಿಕ್ಕಿಕೊಂಡರೆ ಅದು ಸಾಯಬಹುದು. ಭೂಮಿ ಬೆಚ್ಚಗಾಗುವುದು ಅಂದರೆ ಏನು ಅಂತ ಮಕ್ಕಳಿಗೆ ಹೇಳಲು ಹಿಮಕರಡಿಯ ತನಕ ಹೋಗಬೇಕಿಲ್ಲ. ಈಗಾಗಲೇ ಬೆಟ್ಟದ ತುದಿಯಲ್ಲಿರುವ ಪ್ರಾಣಿ ಇನ್ನೂ ತಂಪು ಬೇಕೆಂದರೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ ಸಾಕು. ಕೊಲರಾಡೋದಲ್ಲಿ ಸಾಮಾನ್ಯ ಜನರೇ ಬೆಟ್ಟ ಹತ್ತಿ ಪೈಕಾ ಇದೆಯೋ ಇಲ್ಲವೋ ದಾಖಲಿಸುವ ‘ಕೊಲರಾಡೋ ಪೈಕಾ ಪ್ರಾಜೆಕ್ಟ್’ ಇದೆ. ದೊಡ್ಡ ಮಕ್ಕಳಿಗೆ, ಅವರ ಅಪ್ಪ-ಅಮ್ಮಂದಿರಿಗೆ ಅದು ಒಳ್ಳೆಯ ಕೆಲಸ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕೆಟ್ಟ ಸುದ್ದಿಯನ್ನು ಮಕ್ಕಳಿಗೆ ಯಾವಾಗ ಹೇಳಬೇಕು, ಎಷ್ಟು ಹೇಳಬೇಕು? ಒಂದನೇ, ಎರಡನೇ ತರಗತಿಯ ಮಗುವಿಗೆ ‘ಪೈಕಾ ಅಳಿಯುತ್ತದೆ, ಎಲ್ಲ ಮುಗಿಯುತ್ತದೆ’ ಎಂದು ಹೇಳುವುದು ನನಗೆ ಸರಿ ಕಾಣುವುದಿಲ್ಲ. ಅದು ಪೈಕಾವನ್ನು ಇನ್ನೂ ನೋಡಿಯೇ ಇಲ್ಲ. ಪರಿಚಯವೇ ಆಗದವರ ಸಾವಿನ ಸುದ್ದಿ ಹೇಳಿದರೆ ಮಗು ಒಂದೋ ಹೆದರುತ್ತದೆ, ಇಲ್ಲವೇ ಕಿವಿ ಮುಚ್ಚಿಕೊಳ್ಳುತ್ತದೆ. ಆ ವಯಸ್ಸಿಗೆ ಕೂಗು, ಬಣವೆ, ವಾಸನೆ ಸಾಕು. ಆರನೇ ತರಗತಿಗೆ ಬರುವ ಹೊತ್ತಿಗೆ ಮಾತ್ರ ಏನನ್ನೂ ಮುಚ್ಚಿಡಬಾರದು. ಆ ವಯಸ್ಸಿನವರಿಗೆ ನಾವು ಸಿಹಿ ಲೇಪಿಸಿ ಹೇಳುತ್ತಿದ್ದೇವೆ ಎಂದು ಗೊತ್ತಾಗಿಬಿಡುತ್ತದೆ.

ಅವರಿಗೆ ನಾನು ಹೇಳುವ ಕಥೆ ಕಪ್ಪು ಕಾಲಿನ ಫೆರೆಟ್‌ನದು. ಮುಂಗುಸಿಯಂಥ ಉದ್ದ ಮೈ, ಕಣ್ಣಿಗೆ ಕಪ್ಪು ಪಟ್ಟಿ. ರಾತ್ರಿ ತಿರುಗುವ ಪ್ರಾಣಿ. ಅದರ ಆಹಾರದಲ್ಲಿ ಶೇಕಡ 90ಕ್ಕೂ ಜಾಸ್ತಿ ಪ್ರೇರಿ ಡಾಗ್. ಪ್ರೇರಿ ಡಾಗ್ ಅಂದರೆ ನಾಯಿಯಲ್ಲ, ಬಿಲ ತೋಡಿ ಗುಂಪಾಗಿ ಬದುಕುವ ಅಳಿಲಿನ ಬಳಗ. ಫೆರೆಟ್ ಅವನ್ನೇ ತಿಂದು ಅವುಗಳ ಬಿಲದಲ್ಲೇ ವಾಸ ಮಾಡುತ್ತದೆ. ಪ್ರೇರಿ ಡಾಗ್‌ಗಳು ದನದ ಮೇವು ತಿನ್ನುತ್ತವೆ ಎಂದು ದಶಕಗಳ ಕಾಲ ವಿಷ ಇಟ್ಟರು. ಜೊತೆಗೆ 1900ರ ಸುಮಾರಿಗೆ ಹಡಗುಗಳಲ್ಲಿ ಬಂದ ಪ್ಲೇಗ್, ಚಿಗಟಗಳ ಮೂಲಕ ಬಯಲಿಗೂ ಹಬ್ಬಿತು. ಫೆರೆಟ್ ಕಡಿಮೆಯಾಗುತ್ತಾ ಬಂದು, 1979ರಲ್ಲಿ ಸಾಕಿದ್ದ ಕೊನೆಯದೂ ಸತ್ತಾಗ ಕುಲವೇ ಮುಗಿಯಿತು ಎಂದುಕೊಂಡರು.

1981ರ ಸೆಪ್ಟೆಂಬರ್‌ನಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಊರಿನ ಹತ್ತಿರ ಶೆಪ್ ಎಂಬ ನಾಯಿ ಸತ್ತ ಪ್ರಾಣಿಯೊಂದನ್ನು ಮನೆ ಬಾಗಿಲಿಗೆ ತಂದು ಹಾಕಿತು. ಅದು ಫೆರೆಟ್ ಆಗಿತ್ತು. ಹುಡುಕಿದರೆ ಅಲ್ಲಿ ಇನ್ನೂ ಇದ್ದವು. ಸಂತೋಷ ಬಹಳ ದಿನ ಉಳಿಯಲಿಲ್ಲ, ರೋಗ ಬಡಿಯಿತು. 1987ರ ಹೊತ್ತಿಗೆ ಉಳಿದ 18ನ್ನೂ ಹಿಡಿದು ಸಾಕತೊಡಗಿದರು. ಅವುಗಳಲ್ಲಿ ಏಳರ ಸಂತತಿ ಮಾತ್ರ ಮುಂದುವರಿಯಿತು. ಇವತ್ತು ಬಯಲಿಗೆ ಬಿಟ್ಟಿರುವ ಫೆರೆಟ್‌ಗಳ ಬಹುತೇಕ ಎಲ್ಲದರ ಮೂಲ ಆ ಏಳೇ. ಎಲ್ಲವೂ ಹತ್ತಿರದ ನೆಂಟರು. ಹೊಸ ರಕ್ತ ಸೇರಲಿ ಎಂದೇ 1988ರಲ್ಲಿ ಶೈತ್ಯದಲ್ಲಿಟ್ಟಿದ್ದ ವಿಲ್ಲಾ ಎಂಬ ಇನ್ನೊಂದು ಫೆರೆಟ್‌ನ ಜೀವಕೋಶದಿಂದ 2020ರ ಡಿಸೆಂಬರ್‌ನಲ್ಲಿ ಎಲಿಜಬೆತ್ ಆನ್ ಎಂಬ ತದ್ರೂಪಿಯನ್ನು ಹುಟ್ಟಿಸಿದರು. ಹುಡುಗರು ‘ಕ್ಲೋನಿಂಗ್’ ಎಂದ ಕೂಡಲೇ ಎದ್ದು ಕೂರುತ್ತಾರೆ. ಆದರೆ ನಾನು ಅಲ್ಲಿ ನಿಲ್ಲಿಸುವುದಿಲ್ಲ. ಎಷ್ಟೇ ಫೆರೆಟ್ ಹುಟ್ಟಿಸಿ, ಬಿಡುವುದು ಎಲ್ಲಿಗೆ? ಪ್ರೇರಿ ಡಾಗ್ ಬೇಕು, ಅವುಗಳಿಗೆ ಜಾಗ ಬೇಕು, ಪ್ಲೇಗ್ ತಡೆಯಲು ಬಿಲ ಬಿಲಕ್ಕೂ ಚಿಗಟನಾಶಕ ಹಾಕುತ್ತಿರಬೇಕು.

ಆ ಜಾಗದ ಮಾತು ಬಂದಾಗ ತರಗತಿ ಎರಡಾಗುತ್ತದೆ. ನಗರದ ಮಗುವಿಗೆ ಪ್ರೇರಿ ಡಾಗ್ ಮುದ್ದು. ದನ ಸಾಕುವ ರ‍್ಯಾಂಚಿನಿಂದ ಬಂದ ಮಗುವಿಗೆ ಅದು ಅಪ್ಪನ ಮೇವು ತಿನ್ನುವ ಕಾಟ. ಮೇಷ್ಟ್ರು ಒಂದು ಪಕ್ಷ ಹಿಡಿದರೆ ಆ ಎರಡನೇ ಮಗು ಅವತ್ತಿನಿಂದ ಪರಿಸರ ಪಾಠ ಅಂದರೆ ತನ್ನ ಮನೆಯವರನ್ನು ಬೈಯುವ ಪಾಠ ಎಂದುಕೊಳ್ಳುತ್ತದೆ. ಹಾಗಾಗಬಾರದು. ಆ ಮಗುವನ್ನೇ ಮುಂದೆ ಕರೆದು, ಬರದ ವರ್ಷ ಮೇವು ಸಾಲದಿದ್ದರೆ ಮನೆಯಲ್ಲಿ ಏನಾಗುತ್ತದೆ ಅಂತ ಹೇಳಿಸಿ. ಇನ್ನೊಬ್ಬರು ಬಿಲದ ಗೂಬೆಯ ಪರ ಮಾತಾಡಲಿ, ಪ್ರೇರಿ ಡಾಗ್ ಬಿಟ್ಟ ಬಿಲದಲ್ಲೇ ಅದು ಗೂಡು ಮಾಡುವುದು. ನಿರ್ಧಾರ ಆಗದೆಯೇ ಗಂಟೆ ಹೊಡೆದರೆ ಚಿಂತೆಯಿಲ್ಲ. ದೊಡ್ಡವರಿಗೂ ಇನ್ನೂ ಆಗಿಲ್ಲ.

ಫೆರೆಟ್ ನೋಡಬೇಕೆಂದರೆ ಡೆನ್ವರ್ ಪಕ್ಕದಲ್ಲೇ ರಾಕಿ ಮೌಂಟನ್ ಆರ್ಸೆನಲ್ ವನ್ಯಜೀವಿ ಧಾಮ ಇದೆ. ಅದರ ಕಥೆಯನ್ನೂ ಹೇಳಲೇಬೇಕು. 1942ರಲ್ಲಿ ಸೈನ್ಯ ಅಲ್ಲಿ ರಾಸಾಯನಿಕ ಅಸ್ತ್ರಗಳ ಕಾರ್ಖಾನೆ ಕಟ್ಟಿತು. ಯುದ್ಧದ ನಂತರ ಅಲ್ಲೇ ಕೀಟನಾಶಕ ತಯಾರಾಯಿತು. ನೆಲ, ಅಂತರ್ಜಲ ಎರಡೂ ಕೆಟ್ಟವು. 1986ರಲ್ಲಿ ಅಲ್ಲಿನ ಮರಗಳಲ್ಲಿ ಚಳಿಗಾಲ ಕಳೆಯುವ ಬೋಳು ಹದ್ದುಗಳು ಕಂಡವು. 1992ರಲ್ಲಿ ಸಂಸತ್ತು ಅದನ್ನು ವನ್ಯಜೀವಿ ಧಾಮ ಮಾಡಲು ಕಾಯಿದೆ ಮಾಡಿತು. 2007ರಲ್ಲಿ ಕಾಡೆಮ್ಮೆಯಂಥ ಬೈಸನ್ ಬಂದವು, 2010ಕ್ಕೆ ಶುದ್ಧೀಕರಣ ಮುಗಿಯಿತು, 2015ರಲ್ಲಿ ಫೆರೆಟ್ ಬಿಟ್ಟರು. ನಗರದ ಕಟ್ಟಡಗಳು ಕಾಣುವಷ್ಟು ಹತ್ತಿರದಲ್ಲಿ ಬೈಸನ್ ಮೇಯುತ್ತಿರುತ್ತವೆ. ಕೆಡಿಸಿದ್ದನ್ನು ಸರಿ ಮಾಡಬಹುದೇ ಎಂದು ಕೇಳುವ ಮಕ್ಕಳಿಗೆ ಇಲ್ಲಿ ಉತ್ತರ ಸಿಗುತ್ತದೆ. ಹೌದು, ಮಾಡಬಹುದು. ಬಹಳ ದುಡ್ಡು ಬೇಕು, ವರ್ಷಗಟ್ಟಲೆ ಹಿಡಿಯುತ್ತದೆ, ಕೆಡಿಸುವ ಮೊದಲೇ ಯೋಚಿಸಿದ್ದರೆ ಚೆನ್ನಾಗಿತ್ತು. ಮೂರನ್ನೂ ಹೇಳಿ.

ಬೈಸನ್ ಎಂದರೆ ಇನ್ನೊಂದು ಸತ್ಯವನ್ನೂ ಹೇಳಬೇಕಾಗುತ್ತದೆ. ಕೋಟಿಗಟ್ಟಲೆ ಇದ್ದ ಬೈಸನ್ 1880ರ ದಶಕ ಮುಗಿಯುವಷ್ಟರಲ್ಲಿ ಸಾವಿರಕ್ಕೂ ಕೆಳಗಿಳಿದವು. ಲಕೋಟಾ, ಶಯೆನ್, ಬ್ಲ್ಯಾಕ್‌ಫೀಟ್ ಮುಂತಾದ ಮೂಲನಿವಾಸಿ ಜನರ ಊಟ, ಬಟ್ಟೆ, ಮನೆ, ಪೂಜೆ ಎಲ್ಲವೂ ಆ ಪ್ರಾಣಿಯ ಜೊತೆ ಹೆಣೆದುಕೊಂಡಿದ್ದವು. ಪ್ರಾಣಿ ಹೋಯಿತು, ನೆಲ ಹೋಯಿತು. ಬಿಳಿಯರು ಬರುವ ಮುನ್ನ ಬಯಲು ಖಾಲಿ ಇತ್ತು ಎಂಬಂತೆ ಪರಿಸರ ಪಾಠ ಮಾಡುವುದು ಸುಳ್ಳು ಪಾಠ. ಪ್ರೇರಿಗೆ ಬೆಂಕಿ ಕೊಟ್ಟು ಹುಲ್ಲು ಚಿಗುರಿಸುವುದನ್ನು ಅವರು ಬಲ್ಲವರಾಗಿದ್ದರು. ಮೊಂಟಾನಾ ರಾಜ್ಯ ಮೂಲನಿವಾಸಿಗಳ ಪರಂಪರೆಯನ್ನು ಕಲಿಸುವ ಮಾತನ್ನು 1972ರ ಸಂವಿಧಾನದಲ್ಲೇ ಬರೆದುಕೊಂಡಿತು, 1999ರಲ್ಲಿ ಎಲ್ಲ ಮಕ್ಕಳಿಗೂ ಕಲಿಸಬೇಕು ಎಂದು ಕಾನೂನು ಮಾಡಿತು. ಅಲ್ಲಿನ ನ್ಯಾಷನಲ್ ಬೈಸನ್ ರೇಂಜ್ ಎಂಬ ಧಾಮವನ್ನು 2020ರ ಡಿಸೆಂಬರ್‌ನ ಕಾಯಿದೆಯಿಂದ ಸಾಲಿಶ್ ಮತ್ತು ಕೂಟ್ನಾಯ್ ಜನರಿಗೆ ಮರಳಿಸಲಾಯಿತು. ಸಾಧ್ಯವಾದರೆ ಈ ಪಾಠವನ್ನು ನೀವು ಮಾಡಬೇಡಿ. ಆ ಸಮುದಾಯದ ಹಿರಿಯರನ್ನು ಗೌರವದಿಂದ ಕರೆದು ಅವರ ಬಾಯಿಂದಲೇ ಕೇಳಿಸಿ.

ಕೇಳಿದ್ದು, ನೋಡಿದ್ದು ಆದ ಮೇಲೆ ಮಕ್ಕಳಿಗೆ ಮಾಡುವುದಕ್ಕೆ ಏನಾದರೂ ಬೇಕು. ಪೋಸ್ಟರ್ ಬರೆಸುವುದು ಸಾಲದು. ನಿಜವಾದ ಕೆಲಸ ಕೊಡಿ. ಪ್ರಾಂಗ್‌ಹಾರ್ನ್ ಎಂಬ ಬಯಲಿನ ಪ್ರಾಣಿ ಗಂಟೆಗೆ ಸುಮಾರು 90 ಕಿ.ಮೀ. ಓಡಬಲ್ಲದು, ಆದರೆ ಬೇಲಿ ಹಾರುವುದು ತೀರಾ ಅಪರೂಪ. ತಂತಿಯಡಿ ನುಸುಳುತ್ತದೆ. ಕೆಳಗಿನ ತಂತಿ ಮುಳ್ಳಿನದಾಗಿದ್ದರೆ ಬೆನ್ನು ಕೀಳುತ್ತದೆ, ಹಿಮದಲ್ಲಿ ಸಿಕ್ಕಿ ಸಾಯುವುದೂ ಉಂಟು. ಕೆಳಗಿನ ಮುಳ್ಳುತಂತಿ ತೆಗೆದು, ಮುಳ್ಳಿಲ್ಲದ ತಂತಿಯನ್ನು ನೆಲದಿಂದ 40 ಸೆಂ.ಮೀ.ಗೂ ತುಸು ಮೇಲೆ ಕಟ್ಟಿದರೆ ದನವೂ ನಿಲ್ಲುತ್ತದೆ, ಪ್ರಾಂಗ್‌ಹಾರ್ನ್ ಕೂಡ ಹೋಗುತ್ತದೆ. ಹೈಸ್ಕೂಲ್ ಮಕ್ಕಳು ಕೈಗವಸು ಹಾಕಿಕೊಂಡು ರ‍್ಯಾಂಚಿನವರ ಜೊತೆ ಒಂದು ಶನಿವಾರ ಈ ಕೆಲಸ ಮಾಡಬಹುದು.

ಚಿಕ್ಕವರಿಗೆ ಮೊನಾರ್ಕ್ ಚಿಟ್ಟೆ ಇದೆ. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಶುರುವಾದ ಮೊನಾರ್ಕ್ ವಾಚ್ ಸಣ್ಣ ಅಂಟುಚೀಟಿಗಳನ್ನು ಕಳಿಸಿಕೊಡುತ್ತದೆ. ಚಿಟ್ಟೆಯ ಹಿಂದಿನ ರೆಕ್ಕೆಗೆ ಮೆಲ್ಲಗೆ ಅಂಟಿಸಿ ಬಿಡುವುದು. ಅವುಗಳಲ್ಲಿ ಕೆಲವು ಮೆಕ್ಸಿಕೋದ ಬೆಟ್ಟದ ಕಾಡಿನಲ್ಲಿ ಸಿಗುತ್ತವೆ. ಮಕ್ಕಳು ಕಾನೂನನ್ನೂ ಮಾಡಿಸಿದ್ದಾರೆ. ಕಾನ್ಸಾಸ್‌ನ ಶಾಲಾ ಮಕ್ಕಳು 1925ರಲ್ಲಿ ಮತ ಹಾಕಿ ಮೆಡೋಲಾರ್ಕ್ ಹಕ್ಕಿಯನ್ನು ಆರಿಸಿದರು, 1937ರಲ್ಲಿ ಅದು ಅಧಿಕೃತ ರಾಜ್ಯ ಪಕ್ಷಿಯಾಯಿತು. ಕಾಲ್ಡ್‌ವೆಲ್ ಊರಿನ ಆರನೇ ತರಗತಿಯವರು ಬಾಕ್ಸ್ ಆಮೆಯ ಪರ ಹಠ ಹಿಡಿದು, 1986ರಲ್ಲಿ ಅದನ್ನು ರಾಜ್ಯದ ಸರೀಸೃಪ ಮಾಡಿಸಿದರು.

ಆಟ ಬೇಕೆಂದರೆ 1983ರಿಂದ ನಡೆಯುತ್ತಿರುವ ಪ್ರಾಜೆಕ್ಟ್ ವೈಲ್ಡ್ ಎಂಬ ಶಿಕ್ಷಣ ಕಾರ್ಯಕ್ರಮದ ಜಿಂಕೆ ಆಟ ಆಡಿಸಿ. ಒಂದು ಸಾಲು ಜಿಂಕೆ, ಎದುರು ಸಾಲು ಆಹಾರ, ನೀರು, ಆಸರೆ. ಎರಡೂ ಸಾಲಿನವರು ಬೆನ್ನು ಮಾಡಿ ನಿಂತು ಒಂದೊಂದು ಗುರುತು ಮಾಡಬೇಕು: ಹೊಟ್ಟೆ ಹಿಡಿದರೆ ಆಹಾರ, ಬಾಯಿ ಮುಚ್ಚಿದರೆ ನೀರು, ತಲೆ ಮೇಲೆ ಕೈ ಜೋಡಿಸಿದರೆ ಆಸರೆ. ತಿರುಗಿ ಓಡಿ ತನಗೆ ಬೇಕಾದ್ದು ಸಿಕ್ಕ ಜಿಂಕೆ ಬದುಕುತ್ತದೆ, ಸಿಕ್ಕಿದ್ದೂ ಮುಂದಿನ ಸುತ್ತಿಗೆ ಜಿಂಕೆಯಾಗುತ್ತದೆ. ಸಿಗದ ಜಿಂಕೆ ಸತ್ತು ಮಣ್ಣಿಗೆ ಸೇರಿ, ಎದುರು ಸಾಲಿಗೆ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಜಿಂಕೆಗಳನ್ನು ಎಣಿಸಿ ಬೋರ್ಡಿನ ಮೇಲೆ ಗೆರೆ ಎಳೆಯಿರಿ. ಗೆರೆ ಏರುತ್ತದೆ, ಕುಸಿಯುತ್ತದೆ, ಮತ್ತೆ ಏರುತ್ತದೆ. ನಡುವೆ ಒಂದು ಸುತ್ತು ‘ಈ ವರ್ಷ ಬರ, ನೀರಿಲ್ಲ’ ಎಂದು ಘೋಷಿಸಿ ನೋಡಿ.

ಬಸ್ಸಿಗೆ ದುಡ್ಡಿಲ್ಲ, ಬೆಟ್ಟವೂ ದೂರ, ಬಯಲೂ ದೂರ ಎನ್ನುವ ಶಾಲೆಗಳಿವೆ. ಅವರಿಗೆ ನಾನು ಶಾಲೆಯ ಮಾಡಿನಿಂದಲೇ ಶುರು ಮಾಡಿ ಎನ್ನುತ್ತೇನೆ. ಮಾಡಿನ ಮೇಲೆ ಬಿದ್ದ ಮಳೆ, ಹಿಮ ಎಲ್ಲಿಗೆ ಹೋಗುತ್ತದೆ? ಮಕ್ಕಳು ಕೊಳವೆ ಹಿಡಿದು ಇಳಿಯಲಿ, ಚರಂಡಿ ಹಿಡಿದು ನಡೆಯಲಿ, ಮುಂದಿನದನ್ನು ನಕ್ಷೆಯಲ್ಲಿ ಹುಡುಕಲಿ. ಡೆನ್ವರಿನ ಮಾಡಾದರೆ ಆ ನೀರು ಸೌತ್ ಪ್ಲಾಟ್ ನದಿ ಸೇರಿ, ಬಯಲು ದಾಟಿ ನೆಬ್ರಾಸ್ಕಾ ಸೇರುತ್ತದೆ. ಪ್ಲಾಟ್ ನದಿಯ ಮರಳ ದಿಬ್ಬಗಳ ಮೇಲೆ ಪ್ರತಿ ಮಾರ್ಚಿನಲ್ಲಿ ಲಕ್ಷಗಟ್ಟಲೆ ಸ್ಯಾಂಡ್‌ಹಿಲ್ ಕೊಕ್ಕರೆಗಳು ಇಳಿಯುತ್ತವೆ. ಆಗ ಒಬ್ಬ ಹುಡುಗನೋ ಹುಡುಗಿಯೋ ಖಂಡಿತ ಕೇಳುತ್ತಾರೆ: ನಾವು ಆ ನೀರನ್ನು ಇಲ್ಲೇ ಹಿಡಿದಿಟ್ಟುಕೊಂಡರೆ?

ಕೊಲರಾಡೋದಲ್ಲಿ ಸಾಮಾನ್ಯ ಮನೆಗಳವರು ಮಾಡಿನ ನೀರನ್ನು ಪೀಪಾಯಿಯಲ್ಲಿ ಹಿಡಿಯಲು ಕಾನೂನು ಒಪ್ಪಿದ್ದು 2016ರಲ್ಲಿ. ಅದೂ ಎರಡೇ ಪೀಪಾಯಿ, ಒಟ್ಟು 110 ಗ್ಯಾಲನ್. ಏಕೆಂದರೆ ಅಲ್ಲಿ ನೀರಿಗೆ ಮೊದಲು ಬಂದವರಿಗೆ ಮೊದಲ ಹಕ್ಕು, ಮೇಲಿನವರು ಹಿಡಿದರೆ ಕೆಳಗಿನವರ ಹಕ್ಕಿನ ನೀರು ಕಡಿಮೆಯಾಗುತ್ತದೆ ಎಂಬ ವಾದ. ಇದನ್ನು ಮಕ್ಕಳ ಮುಂದೆ ಇಟ್ಟುಬಿಡಿ. ಒಬ್ಬರು ಬಯಲಿನ ಜೋಳದ ರೈತರಾಗಲಿ, ಒಬ್ಬರು ಡೆನ್ವರಿನ ಮನೆಯವರಾಗಲಿ, ಒಬ್ಬರು ಕೊಕ್ಕರೆಗಳ ಪರ ನಿಲ್ಲಲಿ, ಒಬ್ಬರು ಬೆಟ್ಟದ ಮೇಲೆ ಹಿಮ ಅಳೆಯುವವರಾಗಲಿ. ಈ ವರ್ಷ ಹಿಮ ಅರ್ಧವೇ ಬಿದ್ದಿದೆ ಎಂದು ಆ ಕೊನೆಯವರ ಕೈಗೆ ಚೀಟಿ ಕೊಟ್ಟು, ಯಾರಿಗೆ ಎಷ್ಟು ನೀರು ಎಂದು ಅವರೇ ಹಂಚಿಕೊಳ್ಳಲು ಬಿಡಿ. ಎರಡು ಪೀರಿಯಡ್ ಆದರೂ ಬೇಕಾಗುತ್ತದೆ, ಮೊದಲೇ ಕೇಳಿ ಇಟ್ಟುಕೊಳ್ಳಿ.